ಕ್ಯಾಥೆಟರ್ ಅಬ್ಲೇಶನ್ ಚಿಕಿತ್ಸೆಯ ಯಶಸ್ಸಿನ ನಿರ್ಣಾಯಕ ಅಂಶಗಳು: ದುಬಲಗುಂಡಿ ಪರಿಸರದ ಹಿನ್ನೆಲೆಯಲ್ಲಿ ಒಂದು ಚಾರಿತ್ರಿಕ ವಿವೇಚನೆ

ಪೀಠಿಕೆ

ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನಲ್ಲಿರುವ ದುಬಲಗುಂಡಿಯು ಸೋಲಾಪುರ ಮತ್ತು ಹೈದರಾಬಾದುಗಳನ್ನು ಕೂಡಿಸುವ ಹೆದ್ದಾರಿಯ ಸೀಮೆಗೆ ಸೇರಿದ ಗ್ರಾಮ. ತಾಲ್ಲೂಕು ಕೇಂದ್ರವಾದ ಹುಮನಾಬಾದಿನಿಂದ ಜಿಲ್ಲಾ ಕೇಂದ್ರ ಬೀದರ್ ಸುಮಾರು 50 ಕಿ.ಮೀ., ಕಲಬುರಗಿ ಸುಮಾರು 60 ಕಿ.ಮೀ. ದೂರದಲ್ಲಿವೆ. ಹೈದರಾಬಾದ್ 150 ಕಿ.ಮೀ.ಗೂ ಹೆಚ್ಚು, ರಾಜಧಾನಿ ಬೆಂಗಳೂರು 600 ಕಿ.ಮೀ.ಗೂ ಹೆಚ್ಚು ದೂರವಿವೆ. ಎದೆ ಹಾರುತ್ತದೆ, ಇದ್ದಕ್ಕಿದ್ದಂತೆ ಬಡಿತ ಏರಿ ಕಣ್ಣು ಕತ್ತಲಿಡುತ್ತದೆ ಎಂದು ಹೇಳುವ ರೋಗಿಯೊಬ್ಬನ ಪಾಲಿಗೆ ಈ ಅಂಕಿಗಳು ಭೂಗೋಳದ ವಿವರಗಳಷ್ಟೇ ಅಲ್ಲ. ಆತನ ಚಿಕಿತ್ಸೆಯ ಫಲಾಫಲದಲ್ಲಿ ಅವು ಪಾಲು ಪಡೆಯುತ್ತವೆ.

ಹೃದಯದ ಲಯದೋಷಗಳಿಗೆ ಇಂದು ದೊರೆಯುವ ಚಿಕಿತ್ಸೆಗಳಲ್ಲಿ ಕ್ಯಾಥೆಟರ್ ಅಬ್ಲೇಶನ್ ಪ್ರಮುಖವಾದುದು. ತೊಡೆಯ ಸಂದಿನ ರಕ್ತನಾಳದ ಮೂಲಕ ತೆಳುವಾದ ನಳಿಕೆಯನ್ನು ಹೃದಯಕ್ಕೆ ಸಾಗಿಸಿ, ಲಯವನ್ನು ಕೆಡಿಸುವ ಸ್ಥಾನವನ್ನು ವಿದ್ಯುತ್ ಸಂಕೇತಗಳಿಂದ ಗುರುತಿಸಿ, ಆ ಸಣ್ಣ ಭಾಗವನ್ನು ಶಾಖದಿಂದ, ಶೈತ್ಯದಿಂದ ಇಲ್ಲವೇ ವಿದ್ಯುತ್ ಸ್ಪಂದನಗಳಿಂದ ನಿಷ್ಕ್ರಿಯಗೊಳಿಸುವ ವಿಧಾನವಿದು. ಒಂದೇ ಹೆಸರಿನ ಈ ಚಿಕಿತ್ಸೆ ಕೆಲವರಲ್ಲಿ ರೋಗವನ್ನು ಬೇರುಸಹಿತ ಕಿತ್ತುಹಾಕಿದರೆ, ಇನ್ನು ಕೆಲವರಲ್ಲಿ ವರ್ಷದೊಳಗೆ ರೋಗ ಮರುಕಳಿಸುತ್ತದೆ. ಈ ವ್ಯತ್ಯಾಸಕ್ಕೆ ಕಾರಣವೇನು ಎಂಬ ಪ್ರಶ್ನೆಯನ್ನು ಚಿಕಿತ್ಸೆಯ ಚರಿತ್ರೆಯ ನೆಲೆಯಿಂದಲೂ ಹೈದರಾಬಾದ್ ಕರ್ನಾಟಕದ ಆರೋಗ್ಯ ವ್ಯವಸ್ಥೆಯ ನೆಲೆಯಿಂದಲೂ ವಿವೇಚಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ.

ಹೈದರಾಬಾದ್ ಸಂಸ್ಥಾನ ಮತ್ತು ಕ್ಲೋರೋಫಾರ್ಮ್ ಆಯೋಗಗಳು

ದುಬಲಗುಂಡಿಯನ್ನು ಒಳಗೊಂಡ ಬೀದರ್ ಸೀಮೆಯು 1948ರವರೆಗೆ ನಿಜಾಮರ ಆಳ್ವಿಕೆಗೆ ಸೇರಿತ್ತು. ಹೃದಯದ ಲಯವನ್ನು ಕುರಿತ ಆಧುನಿಕ ವೈದ್ಯ ಚರ್ಚೆಯ ಒಂದು ಮಹತ್ವದ ಅಧ್ಯಾಯ ಈ ಸಂಸ್ಥಾನದ ರಾಜಧಾನಿಯಲ್ಲಿಯೇ ನಡೆಯಿತೆಂಬುದು ಗಮನಾರ್ಹ. ಶಸ್ತ್ರಚಿಕಿತ್ಸೆಯ ವೇಳೆ ಕ್ಲೋರೋಫಾರ್ಮ್ ಸೇವಿಸಿದ ಕೆಲವು ರೋಗಿಗಳು ಹಠಾತ್ತನೆ ಮರಣಿಸುತ್ತಿದ್ದರು. ಅಂಥ ಸಾವಿಗೆ ಉಸಿರಾಟ ನಿಲ್ಲುವುದು ಕಾರಣವೋ ಹೃದಯ ನಿಲ್ಲುವುದು ಕಾರಣವೋ ಎಂಬ ವಿವಾದ ಯೂರೋಪಿನಲ್ಲಿ ಬಹುಕಾಲ ನಡೆದಿತ್ತು. ಹೈದರಾಬಾದಿನ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿಯು ನಿಜಾಮ ಮಹಬೂಬ್ ಅಲಿ ಖಾನರ ಆಶ್ರಯದಲ್ಲಿ 1888ರಲ್ಲಿ ಮೊದಲನೆಯ ಆಯೋಗವನ್ನು ನಡೆಸಿದನು. ಅದರ ನಿರ್ಣಯವನ್ನು ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯು ಒಪ್ಪಲಿಲ್ಲ. ಆಗ ನಿಜಾಮರ ಧನಸಹಾಯದಿಂದಲೇ 1889ರಲ್ಲಿ ಎರಡನೆಯ ಆಯೋಗ ಏರ್ಪಟ್ಟು, ಪತ್ರಿಕೆಯ ಪ್ರತಿನಿಧಿಯಾಗಿ ಲಾಡರ್ ಬ್ರಂಟನ್ ಹೈದರಾಬಾದಿಗೆ ಬಂದನು. ನಾನೂರಕ್ಕೂ ಹೆಚ್ಚು ಪ್ರಾಣಿಗಳ ಮೇಲೆ ಪ್ರಯೋಗಗಳು ನಡೆದವು. ಉಸಿರಾಟವು ಹೃದಯಕ್ಕಿಂತ ಮೊದಲು ನಿಲ್ಲುತ್ತದೆ ಎಂಬ ತೀರ್ಮಾನವನ್ನೇ ಈ ಆಯೋಗವೂ ನೀಡಿತು.

ಆದರೆ ಈ ತೀರ್ಮಾನ ಉಳಿಯಲಿಲ್ಲ. 1911ರಲ್ಲಿ ಎ. ಜಿ. ಲೆವಿ ಮತ್ತು ಥಾಮಸ್ ಲೆವಿಸ್ ಇಬ್ಬರೂ, ಕ್ಲೋರೋಫಾರ್ಮಿನ ಅಲ್ಪ ಪ್ರಮಾಣದಲ್ಲಿಯೇ ಹೃತ್ಕುಕ್ಷಿಗಳು ಲಯತಪ್ಪಿ ಕಂಪಿಸಿ ಸಾವು ಸಂಭವಿಸಬಲ್ಲದೆಂದು ಬೆಕ್ಕುಗಳ ಮೇಲಿನ ಪ್ರಯೋಗಗಳಿಂದ ತೋರಿಸಿದರು. ಹೈದರಾಬಾದಿನ ಆಯೋಗವು ಶ್ರದ್ಧೆಯಲ್ಲಿ ಹಿಂದೆ ಬಿದ್ದಿರಲಿಲ್ಲ. ರಕ್ತದೊತ್ತಡದ ರೇಖೆಗಳನ್ನು ಅದು ವಿಪುಲವಾಗಿ ದಾಖಲಿಸಿತ್ತು. ಆದರೆ ಹೃದಯದ ವಿದ್ಯುತ್ ಚಲನೆಯನ್ನು ಸಮರ್ಪಕವಾಗಿ ಬರೆಯಬಲ್ಲ ಐಂಥೋವನನ ಗ್ಯಾಲ್ವನೋಮೀಟರ್ ಆಗಿನ್ನೂ ಹುಟ್ಟಿರಲಿಲ್ಲ. ಯಾವ ಲಯದೋಷವನ್ನು ದಾಖಲಿಸಲಾಗದೋ ಅದನ್ನು ನಿರ್ಣಯಿಸಲೂ ಆಗದು ಎಂಬ ಸತ್ಯ ಇಲ್ಲಿ ವ್ಯಕ್ತವಾಗುತ್ತದೆ. ಅಬ್ಲೇಶನ್ನಿನ ಯಶಸ್ಸಿಗೂ ಇದೇ ಮೊದಲ ಷರತ್ತು ಎಂಬುದನ್ನು ಮುಂದೆ ಕಾಣಬಹುದು.

ಚಿಕಿತ್ಸೆಯ ಉಗಮ ಮತ್ತು ವಿಕಾಸ

ಹೃದಯದಲ್ಲಿ ವಿದ್ಯುತ್ ಸಂಕೇತ ಹರಿಯುವ ನಿಶ್ಚಿತ ಮಾರ್ಗಗಳಿವೆಯೆಂಬ ಅರಿವು ಈ ಚಿಕಿತ್ಸೆಯ ತಳಹದಿ. 1893ರಲ್ಲಿ ವಿಲ್‌ಹೆಲ್ಮ್ ಹಿಸ್ ಮೇಲಿನ ಮತ್ತು ಕೆಳಗಿನ ಕೋಣೆಗಳನ್ನು ಕೂಡಿಸುವ ತಂತುಗಳ ಕಟ್ಟನ್ನು ವಿವರಿಸಿದನು. 1906ರಲ್ಲಿ ಜಪಾನಿನ ಸುನಾವೊ ತವಾರ ಅದರ ಮೇಲ್ತುದಿಯ ಗಂಟನ್ನು, 1907ರಲ್ಲಿ ಕೀತ್ ಮತ್ತು ಫ್ಲ್ಯಾಕ್ ಬಡಿತವು ಹುಟ್ಟುವ ಮೂಲಸ್ಥಾನವನ್ನು ಗುರುತಿಸಿದರು. 1929ರಲ್ಲಿ ಜರ್ಮನಿಯ ವರ್ನರ್ ಫಾರ್ಸ್‌ಮನ್ ತನ್ನ ತೋಳಿನ ರಕ್ತನಾಳದ ಮೂಲಕ ಹೃದಯಕ್ಕೆ ತಾನೇ ನಳಿಕೆ ತೂರಿಸಿಕೊಂಡು, ಜೀವಂತ ಹೃದಯದೊಳಗೆ ಪ್ರವೇಶ ಸಾಧ್ಯವೆಂದು ತೋರಿದನು. 1956ರ ನೊಬೆಲ್ ಪಾರಿತೋಷಕದಲ್ಲಿ ಆತನಿಗೂ ಪಾಲು ದೊರೆಯಿತು. 1968ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ವಿಲ್ ಸೀಲಿಯು ಎದೆಯನ್ನು ತೆರೆದು ಹೃದಯದ ಹೆಚ್ಚುವರಿ ಮಾರ್ಗವೊಂದನ್ನು ಕತ್ತರಿಸಿ ಲಯದೋಷವನ್ನು ಗುಣಪಡಿಸಿದನು. ಮರುವರ್ಷ ಬೆಂಜಮಿನ್ ಶೆರ್ಲಾಗ್ ಮತ್ತು ಸಂಗಡಿಗರು ಹಿಸ್ ಕಟ್ಟಿನ ವಿದ್ಯುತ್ ಸಂಕೇತವನ್ನು ಕ್ಯಾಥೆಟರಿನಿಂದ ದಾಖಲಿಸುವ ಕ್ರಮವನ್ನು ಪ್ರಕಟಿಸಿದರು.

ಕ್ಯಾಥೆಟರಿನಿಂದಲೇ ದೋಷಸ್ಥಾನವನ್ನು ನಾಶಪಡಿಸಬಹುದೆಂಬ ಸುಳಿವು ದೊರೆತುದು ಒಂದು ಆಕಸ್ಮಿಕದಿಂದ. ಫ್ರಾನ್ಸಿನಲ್ಲಿ ಪರೀಕ್ಷೆಯ ವೇಳೆ ರೋಗಿಗೆ ಹೊರಗಿನಿಂದ ವಿದ್ಯುತ್ ಆಘಾತ ನೀಡಿದಾಗ, ಹೃದಯದೊಳಗಿದ್ದ ಕ್ಯಾಥೆಟರಿನ ಬಳಿ ಸಂಕೇತಮಾರ್ಗವು ಶಾಶ್ವತವಾಗಿ ಕಡಿದುಹೋಯಿತು. ಈ ಘಟನೆಯ ವರದಿ 1979ರಲ್ಲಿ ಪ್ರಕಟವಾಯಿತು. 1982ರಲ್ಲಿ ಮೆಲ್ವಿನ್ ಶೈನ್‌ಮನ್ ಮತ್ತು ಜಾನ್ ಗ್ಯಾಲಗರ್ ತಂಡಗಳು ಪ್ರತ್ಯೇಕವಾಗಿ, ಕ್ಯಾಥೆಟರಿನ ಮೂಲಕ ಉದ್ದೇಶಪೂರ್ವಕವಾಗಿ ಆಘಾತ ನೀಡುವ ಚಿಕಿತ್ಸೆಯನ್ನು ವರದಿ ಮಾಡಿದವು. ಆ ಆಘಾತದ ಬಲವನ್ನು ನಿಯಂತ್ರಿಸುವುದು ಕಠಿಣವಾಗಿತ್ತು; ಸುತ್ತಲಿನ ಅಂಗಾಂಶಕ್ಕೂ ಅಪಾಯವಿತ್ತು. ಎಂಬತ್ತರ ದಶಕದ ಉತ್ತರಾರ್ಧದಲ್ಲಿ ರೇಡಿಯೊ ತರಂಗದ ಶಾಖ ಬಳಕೆಗೆ ಬಂದ ಮೇಲೆ ಚಿಕಿತ್ಸೆಯ ಸ್ವರೂಪವೇ ಬದಲಾಯಿತು. ಅಂಗಾಂಶದ ಉಷ್ಣತೆ ಸುಮಾರು 50 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಕೆಲವೇ ಮಿಲಿಮೀಟರುಗಳಷ್ಟು ಭಾಗವು ಶಾಶ್ವತವಾಗಿ ನಿಷ್ಕ್ರಿಯಗೊಳ್ಳುತ್ತದೆ. 1991ರಲ್ಲಿ ವಾರೆನ್ ಜಾಕ್‌ಮನ್ ತಂಡವು ಹೆಚ್ಚುವರಿ ಮಾರ್ಗಗಳಿದ್ದ 166 ರೋಗಿಗಳಲ್ಲಿ 164 ಮಂದಿಗೆ ಈ ವಿಧಾನ ಫಲಿಸಿತೆಂದು ವರದಿ ಮಾಡಿತು.

ಯಶಸ್ಸನ್ನು ನಿರ್ಧರಿಸುವ ಅಂಶಗಳು

ಮೊದಲನೆಯದಾಗಿ ಲಯದೋಷದ ಜಾತಿ. ಹುಟ್ಟಿನಿಂದಲೇ ಇರುವ ಹೆಚ್ಚುವರಿ ಮಾರ್ಗ ಅಥವಾ ಸಂಕೇತವು ಗಂಟಿನ ಬಳಿ ಸುತ್ತುಹಾಕುವ ದೋಷಗಳಲ್ಲಿ ಅಪರಾಧಿ ಒಂದೇ ಸ್ಥಾನದಲ್ಲಿ ಅಡಗಿರುತ್ತದೆ. ಅದನ್ನು ಹಿಡಿದರೆ ರೋಗ ಮುಗಿಯುತ್ತದೆ. ಅನುಭವಿ ಕೇಂದ್ರಗಳಲ್ಲಿ ಇಂಥ ರೋಗಗಳ ಚಿಕಿತ್ಸೆ ನೂರಕ್ಕೆ ತೊಂಬತ್ತೈದರ ಆಸುಪಾಸಿನಲ್ಲಿ ಫಲಿಸುತ್ತದೆ. ಹೃತ್ಕರ್ಣದ ಕಂಪನವೆಂದು ಕರೆಯಬಹುದಾದ ಏಟ್ರಿಯಲ್ ಫಿಬ್ರಿಲೇಶನ್ ಹಾಗಲ್ಲ. 1998ರಲ್ಲಿ ಫ್ರಾನ್ಸಿನ ಬೋರ್ಡೊ ನಗರದ ಮಿಶೆಲ್ ಐಸಾಗೆರ್ 45 ರೋಗಿಗಳನ್ನು ಪರೀಕ್ಷಿಸಿ, ಕಂಪನವನ್ನು ಕೆರಳಿಸುವ 69 ಕಿಡಿಗಳಲ್ಲಿ 65 ಶ್ವಾಸಕೋಶದ ಅಭಿಧಮನಿಗಳೊಳಗೆ ಇವೆಯೆಂದು ತೋರಿಸಿದನು. ಅಂದಿನಿಂದ ಈ ಅಭಿಧಮನಿಗಳ ಬಾಯಿಗಳನ್ನು ಹೃತ್ಕರ್ಣದಿಂದ ಬೇರ್ಪಡಿಸುವುದೇ ಚಿಕಿತ್ಸೆಯ ತಿರುಳಾಗಿದೆ. ಬಂದು ಹೋಗುವ ಕಂಪನದಲ್ಲಿ ಇದು ಚೆನ್ನಾಗಿ ಫಲಿಸುತ್ತದೆ; ತಿಂಗಳುಗಟ್ಟಲೆ ನೆಲೆನಿಂತ ಕಂಪನದಲ್ಲಿ ಫಲ ತಗ್ಗುತ್ತದೆ. ನೆಲೆನಿಂತ ಕಂಪನದ 589 ರೋಗಿಗಳನ್ನು ಕುರಿತು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಭಿಧಮನಿಗಳನ್ನು ಬೇರ್ಪಡಿಸುವುದರ ಜೊತೆಗೆ ಹೃತ್ಕರ್ಣದಲ್ಲಿ ಹೆಚ್ಚುವರಿ ಸುಡುಗೆರೆಗಳನ್ನು ಎಳೆದುದರಿಂದ ಲಾಭವೇನೂ ಕಂಡುಬರಲಿಲ್ಲ. ಹೆಚ್ಚು ಸುಟ್ಟರೆ ಹೆಚ್ಚು ಗುಣ ಎಂಬ ಊಹೆ ಇದರಿಂದ ಸಡಿಲಾಯಿತು.

ಎರಡನೆಯದು ಹೃದಯದ ಸ್ಥಿತಿ ಮತ್ತು ಕಾಲವಿಳಂಬ. ಎಡ ಹೃತ್ಕರ್ಣವು ಹಿಗ್ಗಿ ಅದರ ಗೋಡೆಯಲ್ಲಿ ನಾರಿನಂಥ ಗಾಯದ ಅಂಶ ಬೆಳೆದಷ್ಟೂ ರೋಗ ಮರುಕಳಿಸುವ ಸಂಭವ ಹೆಚ್ಚು. 2014ರಲ್ಲಿ ನಸೀರ್ ಮರೂಶ್ ಮುಂದಾಳ್ತನದ ಅಧ್ಯಯನವು ಎಂ.ಆರ್.ಐ. ಚಿತ್ರಗಳ ಮೂಲಕ ಇದನ್ನು ಅಳೆಯಿತು. ಗಾಯದ ಅಂಶವು ಶೇ. 10ಕ್ಕಿಂತ ಕಡಿಮೆಯಿದ್ದವರಲ್ಲಿ ಮರುಕಳಿಕೆಯು ಶೇ. 15ರಷ್ಟಿದ್ದರೆ, ಶೇ. 30 ಅಥವಾ ಅದಕ್ಕಿಂತ ಹೆಚ್ಚಿದ್ದವರಲ್ಲಿ ಶೇ. 51ರಷ್ಟಿತ್ತು. ರೋಗನಿರ್ಣಯವಾದ ಒಂದು ವರ್ಷದೊಳಗೆ ಚಿಕಿತ್ಸೆ ಪಡೆದವರಲ್ಲಿ ಮರುಕಳಿಕೆ ಕಡಿಮೆಯೆಂದು 2020ರ ಸಂಕಲಿತ ವಿಶ್ಲೇಷಣೆಯೂ ತಿಳಿಸುತ್ತದೆ. ಕಂಪನವೇ ಕಂಪನವನ್ನು ಬೆಳೆಸುತ್ತದೆಯಾದ್ದರಿಂದ ಇಲ್ಲಿ ಕಾಲವು ತಟಸ್ಥ ಸಾಕ್ಷಿಯಲ್ಲ.

ಮೂರನೆಯದು ಉಪಕರಣ. ಸುಟ್ಟ ಗೆರೆಯಲ್ಲಿ ಒಂದು ಸಣ್ಣ ಬಿರುಕು ಉಳಿದರೂ ಸಂಕೇತವು ಮತ್ತೆ ನುಸುಳುತ್ತದೆ. ತೊಂಬತ್ತರ ದಶಕದ ಉತ್ತರಾರ್ಧದಲ್ಲಿ ಬಂದ ಮೂರು ಆಯಾಮದ ನಕಾಶೆಯ ಯಂತ್ರಗಳು, ತುದಿಗೆ ಲವಣಜಲ ಹರಿಸಿ ತಂಪುಮಾಡುವ ಕ್ಯಾಥೆಟರುಗಳು, ಗೋಡೆಯ ಮೇಲಿನ ಒತ್ತಡವನ್ನು ತೂಗಿ ತೋರುವ ತುದಿಗಳು ಈ ಬಿರುಕನ್ನು ತಡೆಯುವ ಪ್ರಯತ್ನಗಳೇ ಆಗಿವೆ. ಬಲೂನಿನಿಂದ ಹೆಪ್ಪುಗಟ್ಟಿಸುವ ಶೀತವಿಧಾನವು ರೇಡಿಯೊ ಶಾಖಕ್ಕೆ ಸಮವೆಂದು 762 ರೋಗಿಗಳನ್ನೊಳಗೊಂಡ 2016ರ ಅಧ್ಯಯನ ತೋರಿಸಿತು. ಇತ್ತೀಚಿನ ವಿದ್ಯುತ್ ಸ್ಪಂದನ ವಿಧಾನವು ಶಾಖವನ್ನವಲಂಬಿಸದೆ ಜೀವಕೋಶದ ಪೊರೆಯಲ್ಲಿ ರಂಧ್ರಗಳನ್ನುಂಟುಮಾಡುತ್ತದೆ. 2023ರಲ್ಲಿ 607 ರೋಗಿಗಳ ಅಧ್ಯಯನದಲ್ಲಿ ಅದು ಹಳೆಯ ವಿಧಾನಗಳಿಗಿಂತ ಕಡಿಮೆಯಲ್ಲವೆಂದು ಸಿದ್ಧಪಟ್ಟಿತು. ಹೊಸ ಉಪಕರಣವು ಕೆಲಸವನ್ನು ಸುಲಭಗೊಳಿಸುತ್ತದೆಯೇ ಹೊರತು ಹಳೆಯದಾದ ರೋಗವನ್ನು ಎಳೆಯದಾಗಿ ಮಾಡಲಾರದು.

ನಾಲ್ಕನೆಯದು ವೈದ್ಯರ ಮತ್ತು ಕೇಂದ್ರದ ಅನುಭವ. ಅಮೆರಿಕದ ಆಸ್ಪತ್ರೆಗಳ ದಾಖಲೆಗಳನ್ನಾಧರಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ವರ್ಷಕ್ಕೆ 25ಕ್ಕಿಂತ ಕಡಿಮೆ ಚಿಕಿತ್ಸೆ ಮಾಡುವ ವೈದ್ಯರಲ್ಲಿಯೂ 50ಕ್ಕಿಂತ ಕಡಿಮೆ ನಡೆಸುವ ಆಸ್ಪತ್ರೆಗಳಲ್ಲಿಯೂ ತೊಡಕುಗಳು ಹೆಚ್ಚು. ಗಂಟಿನ ಸಮೀಪ ಸುಡುವಾಗ ಸಹಜ ಮಾರ್ಗಕ್ಕೆ ಪೆಟ್ಟಾದರೆ ಪೇಸ್‌ಮೇಕರ್ ಅಳವಡಿಸಬೇಕಾದೀತು. ಗೋಡೆ ತೂತಾದರೆ ಹೃದಯದ ಸುತ್ತ ರಕ್ತ ತುಂಬಿ ಪ್ರಾಣಾಪಾಯವಾದೀತು. ಇಂಥ ತೊಡಕುಗಳು ವಿರಳ; ಆದರೆ ಅವುಗಳನ್ನು ತಕ್ಷಣ ಗುರುತಿಸಿ ನಿಭಾಯಿಸುವ ತಂಡವಿರುವುದೂ ಯಶಸ್ಸಿನ ಅಂಗವೇ ಆಗಿದೆ.

ಐದನೆಯದು ರೋಗಿಯ ಜೀವನಕ್ರಮ. ಆಸ್ಟ್ರೇಲಿಯದ ಅಡಿಲೇಡಿನ ಸಂಶೋಧಕರು ಸ್ಥೂಲಕಾಯದ ರೋಗಿಗಳನ್ನು ದೀರ್ಘಕಾಲ ಗಮನಿಸಿ, ದೇಹತೂಕದ ಶೇ. 10 ಅಥವಾ ಹೆಚ್ಚು ಇಳಿಸಿಕೊಂಡು ಉಳಿಸಿಕೊಂಡವರು ಲಯದೋಷದಿಂದ ಮುಕ್ತರಾಗುವ ಸಂಭವ ಸುಮಾರು ಆರುಪಟ್ಟು ಹೆಚ್ಚೆಂದು 2015ರಲ್ಲಿ ತೋರಿಸಿದರು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ನಿದ್ರೆಯಲ್ಲಿ ಉಸಿರುಕಟ್ಟುವ ದೋಷಗಳ ಹತೋಟಿಯೂ ಹೀಗೆಯೇ ಮುಖ್ಯ. ಮದ್ಯ ಸೇವಿಸುತ್ತಿದ್ದ 140 ಮಂದಿಯ 2020ರ ಅಧ್ಯಯನದಲ್ಲಿ, ಕುಡಿತ ಬಿಡಲು ಸೂಚಿಸಲ್ಪಟ್ಟವರ ಪೈಕಿ ಶೇ. 53ರಷ್ಟು ಜನರಲ್ಲಿ ಕಂಪನ ಮರುಕಳಿಸಿದರೆ, ಮುಂದುವರಿಸಿದವರ ಪೈಕಿ ಶೇ. 73ರಷ್ಟು ಜನರಲ್ಲಿ ಮರುಕಳಿಸಿತು.

ಆರನೆಯದು ಯಶಸ್ಸೆಂಬ ಪದದ ಅರ್ಥ. 2021ರ ಅಧ್ಯಯನವೊಂದರಲ್ಲಿ 303 ರೋಗಿಗಳ ಚರ್ಮದಡಿ ನಿರಂತರ ದಾಖಲೆಯ ಯಂತ್ರವನ್ನಿರಿಸಲಾಯಿತು. ಅಬ್ಲೇಶನ್ ಪಡೆದವರಲ್ಲಿ ಒಂದು ವರ್ಷದೊಳಗೆ ಶೇ. 42.9 ಮಂದಿಗೆ ಲಯದೋಷ ಮರಳಿತು. ಔಷಧ ಪಡೆದವರಲ್ಲಿ ಈ ಪ್ರಮಾಣ ಶೇ. 67.8. ಆದರೆ ರೋಗಿಗೆ ಅನುಭವಕ್ಕೆ ಬಂದ ಮರುಕಳಿಕೆಯನ್ನಷ್ಟೇ ಎಣಿಸಿದಾಗ ಇವು ಕ್ರಮವಾಗಿ ಶೇ. 11 ಮತ್ತು ಶೇ. 26.2 ಆದವು. ಒಂದೇ ಚಿಕಿತ್ಸೆ, ಒಂದೇ ಗುಂಪು. ಅಳತೆಗೋಲು ಬದಲಾದಾಗ ಸೋಲು ಗೆಲುವುಗಳ ಲೆಕ್ಕ ಬದಲಾಯಿತು. ಹೀಗಾಗಿ ಹಳೆಯ ವರದಿಗಳ ಶೇಕಡಾವಾರುಗಳನ್ನು ಹೊಸ ವರದಿಗಳ ಜೊತೆ ನೇರವಾಗಿ ಹೋಲಿಸುವುದು ಉಚಿತವಲ್ಲ.

ಭಾರತೀಯ ಸಂದರ್ಭದ ವಿಶೇಷಗಳು

ಮೇಲೆ ಹೇಳಿದ ಅಧ್ಯಯನಗಳಲ್ಲಿ ಹೆಚ್ಚಿನವು ಪಾಶ್ಚಾತ್ಯ ದೇಶಗಳವು. ಅವುಗಳ ಫಲಿತಾಂಶವನ್ನು ಹುಮನಾಬಾದ್ ಸೀಮೆಗೆ ಯಥಾವತ್ತಾಗಿ ಅನ್ವಯಿಸಲಾಗದು. ಭಾರತೀಯ ಹೃದಯಲಯ ಸಂಘವು 2011 ಮತ್ತು 2012ರಲ್ಲಿ ದೇಶದ ಹಲವು ಕೇಂದ್ರಗಳಿಂದ ಕಂಪನದ 1537 ರೋಗಿಗಳ ವಿವರ ಸಂಗ್ರಹಿಸಿದಾಗ, ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರುಮ್ಯಾಟಿಕ್ ಜ್ವರದಿಂದ ಕೆಟ್ಟ ಹೃದಯಕವಾಟವಿತ್ತು. ಪಾಶ್ಚಾತ್ಯ ರೋಗಿಗಳಿಗೆ ಹೋಲಿಸಿದರೆ ಇವರು ವಯಸ್ಸಿನಲ್ಲಿ ಕಿರಿಯರು. ಬಾಲ್ಯದಲ್ಲಿ ಗಂಟಲುನೋವು, ಕೀಲುನೋವುಗಳಾಗಿ ಬಂದುಹೋದ ಸೋಂಕು ವರ್ಷಗಳ ನಂತರ ಮಿಟ್ರಲ್ ಕವಾಟವನ್ನು ಕಿರಿದುಗೊಳಿಸಿ, ಎಡ ಹೃತ್ಕರ್ಣವನ್ನು ಹಿಗ್ಗಿಸಿ, ಕಂಪನಕ್ಕೆ ದಾರಿಮಾಡುತ್ತದೆ. ಇಂಥವರಲ್ಲಿ ಮೊದಲ ಕರ್ತವ್ಯ ಕವಾಟವನ್ನು ಬಲೂನಿನಿಂದ ಅಥವಾ ಶಸ್ತ್ರಕ್ರಿಯೆಯಿಂದ ಸರಿಪಡಿಸುವುದು ಮತ್ತು ರಕ್ತ ಹೆಪ್ಪುಗಟ್ಟದಂತೆ ಕಾಯುವುದು. ಕವಾಟವನ್ನು ಹಾಗೆಯೇ ಬಿಟ್ಟು ನಡೆಸಿದ ಅಬ್ಲೇಶನ್ ಬಾಳಿಕೆ ಬರುವುದು ಕಷ್ಟ. 2022ರಲ್ಲಿ ಪ್ರಕಟವಾದ, 4500ಕ್ಕೂ ಹೆಚ್ಚು ರೋಗಿಗಳ ಅಂತರರಾಷ್ಟ್ರೀಯ ಅಧ್ಯಯನವು ಈ ಗುಂಪಿಗೆ ಹೊಸ ಗುಳಿಗೆಗಿಂತ ವಾರ್ಫರಿನ್ ವರ್ಗದ ಹಳೆಯ ಔಷಧವೇ ಮೇಲೆಂದು ಸ್ಪಷ್ಟಪಡಿಸಿತು. ಆ ಔಷಧಕ್ಕೆ ಕಾಲಕಾಲಕ್ಕೆ ರಕ್ತಪರೀಕ್ಷೆ ಬೇಕು. ಪರೀಕ್ಷೆಗೆ ಹತ್ತಿರದಲ್ಲಿ ಪ್ರಯೋಗಾಲಯ ಬೇಕು.

ಇನ್ನೊಂದು ವಿಶೇಷವು ಹೈದರಾಬಾದಿನಿಂದಲೇ ಬೆಳಕಿಗೆ ಬಂದಿತು. ಡಾ. ಸಿ. ನರಸಿಂಹನ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಸಂಶೋಧನೆಯು, ಹೃತ್ಕುಕ್ಷಿಯ ತೀವ್ರ ಬಡಿತವಿರುವ ಕೆಲವು ರೋಗಿಗಳಲ್ಲಿ ಅದರ ಮೂಲವು ಸಾರ್ಕಾಯ್ಡ್ ಅಥವಾ ಕ್ಷಯದ ಗಂಟುಗಳಾಗಿರುತ್ತವೆ ಎಂದು ತೋರಿಸಿತು. ಹೃದಯದ ಸ್ನಾಯುವಿನಲ್ಲಿ ಉರಿಯೂತವಿರುವಾಗ ಬರಿದೇ ಸುಡುವುದರಿಂದ ಪ್ರಯೋಜನ ಕಡಿಮೆ. ಉರಿಯೂತಕ್ಕೆ ಚಿಕಿತ್ಸೆ ನಡೆಯಬೇಕು. ಕ್ಷಯವು ಇನ್ನೂ ಉಳಿದಿರುವ ಪ್ರದೇಶಗಳಲ್ಲಿ ಈ ಅಂಶ ಮರೆಯಬಾರದುದಾಗಿದೆ.

ದುಬಲಗುಂಡಿ ಸೀಮೆಯ ಪರಿಸ್ಥಿತಿ

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರಗಳು ಅಂದಿನ ಮುಂಬಯಿ ರಾಜ್ಯಕ್ಕೂ ಜಹೀರಾಬಾದ್, ನಾರಾಯಣಖೇಡಗಳು ಆಂಧ್ರಕ್ಕೂ ಸೇರಿದವು. ಹುಮನಾಬಾದ್ ಮತ್ತು ಬಸವಕಲ್ಯಾಣಗಳು ಕನ್ನಡನಾಡಿನಲ್ಲಿ ಉಳಿದವು. ಆಡಳಿತದ ಕೇಂದ್ರ ಬೆಂಗಳೂರಾದರೂ ದೊಡ್ಡ ಕಾಯಿಲೆಗೆ ಜನರು ನಡೆಯುವ ದಾರಿ ಹೈದರಾಬಾದ್ ಮತ್ತು ಸೋಲಾಪುರಗಳ ಕಡೆಗೇ ಉಳಿಯಿತು. ಕಲಬುರಗಿಯಲ್ಲಿ 1963ರಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಆರಂಭಗೊಂಡಿತು. ಬೀದರಿನಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ತಲೆಯೆತ್ತಲು ಹೊಸ ಶತಮಾನದ ಮೊದಲ ದಶಕದವರೆಗೆ ಕಾಯಬೇಕಾಯಿತು. ಸಂವಿಧಾನದ 371ಜೆ ವಿಧಿಯು ಈ ಪ್ರದೇಶಕ್ಕೆ ವಿಶೇಷ ಸ್ಥಾನ ನೀಡಿದ ನಂತರ ಆರೋಗ್ಯ ಸೌಕರ್ಯಗಳು ವಿಸ್ತರಿಸಿವೆ. 2017ರಲ್ಲಿ ಬೀದರ್–ಕಲಬುರಗಿ ರೈಲುಮಾರ್ಗವು ಹುಮನಾಬಾದಿನ ಮೂಲಕ ಪೂರ್ಣಗೊಂಡಿತು. 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ ಉದ್ಘಾಟನೆಗೊಂಡಿತು. ಹಾಸಿಗೆಗಳ ಸಂಖ್ಯೆಯು ಆ ವಿಧಿಯನ್ನೇ ನೆನಪಿಸುತ್ತದೆ.

ಹಣಕಾಸಿನ ಅಂಶವೂ ಇಲ್ಲಿ ಪ್ರಸ್ತುತ. ದುಬಾರಿಯಾದ ತೃತೀಯ ಹಂತದ ಚಿಕಿತ್ಸೆಯನ್ನು ಬಡತನ ರೇಖೆಗಿಂತ ಕೆಳಗಿನವರಿಗೆ ಉಚಿತವಾಗಿ ಒದಗಿಸಲು ರಾಜ್ಯ ಸರ್ಕಾರವು 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ಮೊದಲು ಗುಲಬರ್ಗಾ ವಿಭಾಗದಲ್ಲಿಯೇ ಆರಂಭಿಸಿತು. ಹೃದ್ರೋಗವು ಅದರ ವ್ಯಾಪ್ತಿಯಲ್ಲಿತ್ತು. ಯೋಜನೆ ಜಾರಿಯಿದ್ದ 300 ಗ್ರಾಮಗಳನ್ನು ಜಾರಿಯಿಲ್ಲದ 272 ನೆರೆಯ ಗ್ರಾಮಗಳೊಡನೆ ಹೋಲಿಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಯೋಜನೆಗೆ ಒಳಪಟ್ಟ ರೋಗಗಳಿಂದ ಬಡ ಕುಟುಂಬಗಳಲ್ಲಿ ಸಂಭವಿಸಿದ ಮರಣದ ಪ್ರಮಾಣವು ಮೊದಲ ಗುಂಪಿನಲ್ಲಿ ಶೇ. 0.32, ಎರಡನೆಯದರಲ್ಲಿ ಶೇ. 0.90 ಇತ್ತು. 2018ರಲ್ಲಿ ಈ ಯೋಜನೆಯು ಆರೋಗ್ಯ ಕರ್ನಾಟಕದಲ್ಲಿ ವಿಲೀನವಾಗಿ ಆಯುಷ್ಮಾನ್ ಭಾರತದೊಡನೆ ಕೂಡಿತು. ರೋಗಿಯು ಆಸ್ಪತ್ರೆಯ ಬಾಗಿಲಿಗೆ ಎಂದು ಬರುತ್ತಾನೆಂಬುದನ್ನು ಚಿಕಿತ್ಸೆಯ ವೆಚ್ಚವು ಬಹುಮಟ್ಟಿಗೆ ತೀರ್ಮಾನಿಸುತ್ತದೆ ಎಂಬುದು ಈ ಅಂಕಿಗಳಿಂದ ವ್ಯಕ್ತವಾಗುತ್ತದೆ.

ಆದರೂ ಎಲ್ಲಕ್ಕಿಂತ ಮೊದಲಿನ ತೊಡಕು ರೋಗನಿರ್ಣಯದ್ದು. ಬಡಿತದ ಓಟ ಕೆಲವು ನಿಮಿಷಗಳಲ್ಲಿ ಬಂದು ಹೋಗುತ್ತದೆ. ರೋಗಿ ಹುಮನಾಬಾದಿನ ಆಸ್ಪತ್ರೆ ತಲಪುವ ವೇಳೆಗೆ ಇ.ಸಿ.ಜಿ. ಸಹಜವಾಗಿರುತ್ತದೆ. 1997ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವು ಇಂಥ 107 ರೋಗಿಗಳ ಪೈಕಿ ಶೇ. 67 ಮಂದಿಯ ಲಕ್ಷಣಗಳು ಗಾಬರಿಯ ಮನೋರೋಗದ ಲಕ್ಷಣಗಳೊಡನೆ ಹೊಂದುತ್ತಿದ್ದವೆಂದೂ, ಲಕ್ಷಣಗಳನ್ನು ಮಾನಸಿಕ ಮೂಲದವೆಂದು ಭಾವಿಸಿದುದು ಸ್ತ್ರೀಯರಲ್ಲಿಯೇ ಹೆಚ್ಚೆಂದೂ ತಿಳಿಸಿತು. ಒಂದೇ ಬಾರಿಯ ಚಿಕಿತ್ಸೆಯಿಂದ ಶಾಶ್ವತವಾಗಿ ಗುಣವಾಗಬಲ್ಲ ರೋಗವು ಹೀಗೆ ವರ್ಷಗಟ್ಟಲೆ ‘ಹೆದರಿಕೆ’ ಎಂಬ ಹೆಸರಿನಲ್ಲಿ ಉಳಿದುಬಿಡುತ್ತದೆ. 1889ರ ಆಯೋಗದ ಮುಂದಿದ್ದ ಸಮಸ್ಯೆಯ ಇನ್ನೊಂದು ರೂಪವೇ ಇದು. ವ್ಯತ್ಯಾಸವಿಷ್ಟೆ: ಅಂದು ಉಪಕರಣವೇ ಇರಲಿಲ್ಲ; ಇಂದು ಉಪಕರಣವಿದ್ದರೂ ಬೇಕಾದ ಗಳಿಗೆಯಲ್ಲಿ ರೋಗಿಯ ಬಳಿ ಇರುವುದಿಲ್ಲ. ತಾಲ್ಲೂಕು ಆಸ್ಪತ್ರೆಗಳ ಇ.ಸಿ.ಜಿ.ಯನ್ನು ತಜ್ಞರ ಕೇಂದ್ರಕ್ಕೆ ಕಳುಹಿಸುವ ಡಾ. ಪುನೀತ್ ರಾಜಕುಮಾರ್ ಹೃದಯಜ್ಯೋತಿ ಯೋಜನೆಯು 2023ರಲ್ಲಿ ಹೃದಯಾಘಾತದ ಶೀಘ್ರ ಚಿಕಿತ್ಸೆಗಾಗಿ ಆರಂಭವಾಯಿತು. ಅದೇ ಜಾಲವು ಬಡಿತ ಓಡುತ್ತಿರುವಾಗಲೇ ತೆಗೆದ ಒಂದು ಪಟ್ಟಿಯನ್ನು ಲಯತಜ್ಞರಿಗೆ ತಲಪಿಸಬಲ್ಲದು.

ಉಪಸಂಹಾರ

ಕ್ಯಾಥೆಟರ್ ಅಬ್ಲೇಶನ್ನಿನ ಯಶಸ್ಸು ಚಿಕಿತ್ಸಾಕೊಠಡಿಯ ಕೆಲವು ಗಂಟೆಗಳಲ್ಲಿ ಮಾತ್ರ ನಿರ್ಧಾರವಾಗುವುದಿಲ್ಲ ಎಂಬುದು ಈವರೆಗಿನ ವಿವೇಚನೆಯಿಂದ ಸ್ಪಷ್ಟವಾಗುತ್ತದೆ. ಲಯದೋಷದ ಜಾತಿ, ಹೃತ್ಕರ್ಣದ ಗಾಯ, ಕವಾಟದ ಸ್ಥಿತಿ, ಉಪಕರಣ, ವೈದ್ಯರ ಅನುಭವ, ರೋಗಿಯ ಜೀವನಕ್ರಮ, ನಂತರದ ನಿಗಾ ಇವೆಲ್ಲವೂ ಅದರಲ್ಲಿ ಪಾಲುಗೊಳ್ಳುತ್ತವೆ. ಇವುಗಳಲ್ಲಿ ಉಪಕರಣ ಮತ್ತು ಅನುಭವಗಳು ದೊಡ್ಡ ನಗರದಲ್ಲಿ ದೊರೆಯುವಂಥವು. ಆದರೆ ಬಾಲ್ಯದ ಗಂಟಲುನೋವಿಗೆ ಸಕಾಲದಲ್ಲಿ ಔಷಧ ಕೊಡುವುದು, ರಕ್ತದೊತ್ತಡವನ್ನು ಹತೋಟಿಯಲ್ಲಿಡುವುದು, ಬಡಿತ ಏರಿದ ಗಳಿಗೆಯ ಇ.ಸಿ.ಜಿ. ಪಡೆಯುವುದು, ಚಿಕಿತ್ಸೆಯ ನಂತರ ರಕ್ತಪರೀಕ್ಷೆ ತಪ್ಪದಂತೆ ನೋಡಿಕೊಳ್ಳುವುದು ಇವು ದುಬಲಗುಂಡಿಯಂಥ ಗ್ರಾಮದಲ್ಲಿ ಮತ್ತು ಅದರ ತಾಲ್ಲೂಕು ಕೇಂದ್ರದಲ್ಲಿ ನಡೆಯಬೇಕಾದ ಕಾರ್ಯಗಳು. ಹೈದರಾಬಾದ್ ಆಯೋಗದ ಕಾಲದಿಂದ ಇಂದಿನವರೆಗಿನ ಚರಿತ್ರೆಯು ದಾಖಲೆಯಿಲ್ಲದೆ ನಿರ್ಣಯವಿಲ್ಲ, ಸಕಾಲದ ನಿರ್ಣಯವಿಲ್ಲದೆ ಬಾಳುವ ಚಿಕಿತ್ಸೆಯಿಲ್ಲ ಎಂಬುದನ್ನು ದೃಢಪಡಿಸುತ್ತದೆ. ಕಲಬುರಗಿಯಲ್ಲಿ ಎದ್ದು ನಿಂತಿರುವ ಹೊಸ ಆಸ್ಪತ್ರೆಯ ಸಾರ್ಥಕತೆಯೂ ಅಲ್ಲಿಗೆ ರೋಗಿಗಳು ಯಾವ ಹಂತದಲ್ಲಿ ಬಂದು ತಲಪುತ್ತಾರೆ ಎಂಬುದನ್ನೇ ಬಹುಮಟ್ಟಿಗೆ ಅವಲಂಬಿಸಿದೆ.